ಫೈಬರ್ ಮೀನುಗಾರ್ತಿಯ ಬಲಗೈ

ಫೈಬರಿನ ಮೀನುಗಾರ್ತಿಯ ಬಲಗೈ ಮುರಿದು ಬಿದ್ದದ್ದಕ್ಕೆ ಜೀವ ಇರುವ ಮೀನುಗಾರ್ತಿ ಜಲಜಳ ಮೇಲೆ ಕೇಸು ಬಿತ್ತು.

ಕೈ ಮುರಿದದ್ದು ಭಾನುವಾರ. ಸೋಮವಾರ ಬೆಳಗಾಗುವ ಹೊತ್ತಿಗೆ ಊರಿಗೆ ಊರೇ ದುಃಖದಲ್ಲಿತ್ತು. ಮರಳಿನ ಮೇಲೆ ಬಿದ್ದ ಕೈಯ ಫೋಟೋ ವಾಟ್ಸಾಪಿನಲ್ಲಿ ಹರಿದಾಡಿತು. ಕೆಳಗೆ ಸಾಲುಸಾಲು ಅಳುವ ಮುಖಗಳು. "ದುಡಿಯುವ ಮೀನುಗಾರ ಮಹಿಳೆಗೆ ಘೋರ ಅವಮಾನ" ಎಂದು ಒಬ್ಬರು ಬರೆದರು. ಹಿಂದಿನ ವಾರವಷ್ಟೇ ಬಸ್ಸಿನಲ್ಲಿ ಜಲಜಳ ಬುಟ್ಟಿ ನೋಡಿ ಮೂಗು ಮುಚ್ಚಿಕೊಂಡು, ಕಂಡಕ್ಟರನಿಗೆ ಹೇಳಿ ಅವಳನ್ನು ನಡುದಾರಿಯಲ್ಲಿ ಇಳಿಸಿದ್ದವರು ಅವರೇ.

ತ್ರಾಸಿ ದಾಟಿ ಬಡಗು ಬದಿಗೆ ಹೋದರೆ ಹೆದ್ದಾರಿಗೂ ಕಡಲಿಗೂ ನಡುವೆ ಪಡುಕೇರಿ. ಅಲ್ಲಿಯ ಹೆಂಗಸರು ಅತ್ತೆಯ ಕಾಲದಿಂದ, ಅತ್ತೆಯ ಅತ್ತೆಯ ಕಾಲದಿಂದ, ದಂಡೆಯ ಮರಳಿನ ಮೇಲೆ ಮೀನು ಒಣಗಿಸಿಕೊಂಡು ಬಂದವರು. ಒಣಗಿಸುವುದೆಂದರೆ ಹರಡಿ ಮನೆಗೆ ಹೋಗುವುದಲ್ಲ. ದೋಣಿಯಿಂದ ಒದ್ದೆ ಬುಟ್ಟಿ ಹೊತ್ತು ತರಬೇಕು. ಬುಟ್ಟಿಯ ನೀರು ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಇಳಿಯುತ್ತದೆ. ಚಟ್ಲಿಯ, ಎಂದರೆ ಸಿಗಡಿಯ, ತಲೆಯ ಮುಳ್ಳು ಬೆರಳಿಗೆ ಚುಚ್ಚುತ್ತದೆ. ಚುಚ್ಚಿದಲ್ಲಿಗೆ ಉಪ್ಪು ಹೋಗುತ್ತದೆ. ಬಗ್ಗಿ ಹರಡಬೇಕು, ಬಗ್ಗಿ ಮಗುಚಬೇಕು, ಬಗ್ಗಿ ಬಾಚಬೇಕು. ಜಲಜಳ ಬೆನ್ನು ಐವತ್ತು ದಾಟುವ ಮೊದಲೇ ಬಾಗಿ ಹಾಗೇ ನಿಂತುಬಿಟ್ಟಿತ್ತು. ಗಂಟಲು ಮಾತ್ರ ಬಾಗಿರಲಿಲ್ಲ. ಅವಳು ಹೆದ್ದಾರಿಯಲ್ಲಿ ನಿಂತು "ಚಟ್ಲಿ ಬೇಕಾ ಹ್ವಾಯ್" ಎಂದರೆ ತೋಟದಾಚೆಯ ಮನೆಯವರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಗಂಡ, ಹೆಸರು ಗುಡ್ಡ, ಮಲ್ಪೆಯ ಬೋಟಿನಲ್ಲಿ. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆ ನಡೆದದ್ದು, ಮಗ ರತನ್ ಓದಿದ್ದು, ಆ ಗಂಟಲಿನಿಂದ.

ಹಾಗಿರುವಾಗ ಕಡಲತೀರ ಅಭಿವೃದ್ಧಿ ಸಮಿತಿ ಹುಟ್ಟಿತು. ಅಧ್ಯಕ್ಷರು ಪ್ರೇಮಾನಂದರು. ಹೆದ್ದಾರಿ ಬದಿಯಲ್ಲಿ ಅವರದು ಲಾಡ್ಜು ಇತ್ತು. ಕಡಲಿಗೆ ಮುಖ ಮಾಡಿ ಇನ್ನೊಂದು ಬರಲಿಕ್ಕಿತ್ತು. ಅದರ ಕಿಟಕಿಗೆ ಕಡಲು ಬೇಕು, ಗಾಳಿ ಬೇಕು, ಮೀನಿನ ವಾಸನೆ ಬೇಡ. ಸಮಿತಿ ದಂಡೆಗೆ ಬೇಲಿ ಹಾಕಿತು. ಟಿಕೆಟ್ ಕೌಂಟರು ಬಂತು. ಸೀಟಿ ಊದುವ ಕಾವಲುಗಾರ ಬಂದ. ಕೊನೆಗೆ ಬೋರ್ಡು ಬಂತು: ಇಲ್ಲಿ ಮೀನು ಒಣಗಿಸುವುದನ್ನು ನಿಷೇಧಿಸಲಾಗಿದೆ. ಹೆಂಗಸರಿಗೆ ಶೌಚಾಲಯದ ಹಿಂದೆ ಜಾಗ ತೋರಿಸಿದರು. ಅಲ್ಲಿ ಮಧ್ಯಾಹ್ನದವರೆಗೆ ಬಿಸಿಲಿಲ್ಲ, ಮಧ್ಯಾಹ್ನದ ಮೇಲೆ ಗುಂಡಿಯ ನೀರು ಒಸರುತ್ತದೆ. ಚಟ್ಲಿ ಒಣಗುವ ಬದಲು ಕೊಳೆಯಿತು.

ಮೀನಿನವರನ್ನು ಓಡಿಸಿ ಆದಮೇಲೆ ಮೀನಿನವರನ್ನು ಗೌರವಿಸಬೇಕೆಂದು ಸಮಿತಿಗೆ ಬಲವಾಗಿ ಅನಿಸಿತು. ಅದಕ್ಕೇ ಆ ಗೊಂಬೆ.

ಗೊಂಬೆ ಬೆಳ್ಳಗಿತ್ತು. ಸೊಂಟ ಸಣ್ಣ. ತುಟಿ ಕೆಂಪು. ತಲೆಯ ಮೇಲಿನ ಬುಟ್ಟಿಯಲ್ಲಿ ಒಂದು ಅಂಜಲ್ ಮೀನು, ಬಲಗೈ ಮೇಲೆತ್ತಿ ಆ ಬುಟ್ಟಿ ಹಿಡಿದಿದೆ. ಮೈಯಲ್ಲಿ ಎಲ್ಲಿಯೂ ಒಂದು ಹನಿ ಬೆವರಿಲ್ಲ. ಗೊಂಬೆ ನಿಲ್ಲಿಸಲಿಕ್ಕೆ ಗ್ರಾನೈಟಿನ ಅಗಲವಾದ ಕಟ್ಟೆ ಕಟ್ಟಿದರು. ಎಲ್ಲಿ? ಹೆಂಗಸರು ಚಟ್ಲಿ ಹರಡುತ್ತಿದ್ದ ಜಾಗದ ನಟ್ಟನಡುವೆ.

ಉದ್ಘಾಟನೆಗೆ ನಿಜವಾದ ಮೀನುಗಾರ್ತಿ ಒಬ್ಬಳು ಬೇಕಾಯಿತು. ಜಲಜಳನ್ನು ಕರೆದರು. "ಬುಟ್ಟಿ ತಕಂಡ್ ಬನ್ನಿ. ಮೀನ್ ಬೇಡ" ಎಂದರು. ಬಂದ ಮೇಲೆ ಅವಳ ಬೆನ್ನ ಹಿಂದಿನಿಂದ ಯಾರೋ ಪುಸ್ಸ್ ಎಂದು ಸೆಂಟು ಹೊಡೆದರು. ಪ್ರೇಮಾನಂದರು ಶಾಲು ಹೊದೆಸಿ, "ಇವರ ಬೆವರೇ ನಮ್ಮ ಕರಾವಳಿಯ ಪರಿಮಳ" ಎಂದರು. ಚಪ್ಪಾಳೆ. ಆಮೇಲೆ ಎರಡು ಮಾತಾಡಲು ಮೈಕು ಕೊಟ್ಟರು. ಧನ್ಯವಾದ ಹೇಳಿ ಇಳಿಯಲಿ ಎಂದು.

ಜಲಜ ಮೈಕು ಹಿಡಿದಳು. "ಈ ಗೊಂಬಿಗ್ ನಿಲ್ಲುಕ್ ಜಾಗ ಇತ್ತ್. ನಂಗಿಲ್ಲ. ಇದ್ರ ಕಟ್ಟೆ ಇಪ್ಪಲ್ಲಿ ನಾಕ್ ಮನಿಯೋರ್ ಚಟ್ಲಿ ಒಣ್ಗ್ತಿತ್ತ್. ಒಂಚೂರ್ ಬದಿಗ್ ಸರ್ಸಿ. ನೀವ್ ಸರ್ಸ್ದಿರೆ ನಾವೇ ತೆಗ್ದ್ ಬದಿಗ್ ಇಡ್ತೊ..."

ಮೈಕು ಸತ್ತಿತು. ತಕ್ಷಣ ಹಾಡು ಹಾಕಿದರು. ಒಬ್ಬ ಅವಳ ರಟ್ಟೆ ಹಿಡಿದು, "ಸಾಕ್ ಸಾಕ್, ಬಾಯಿ ಮುಚ್ಚ್ಕಣಿ" ಎಂದು ಕೆಳಗಿಳಿಸಿದ. ಆದರೆ ಅಷ್ಟರಲ್ಲಿ ಒಂದು ಮೊಬೈಲು ಅವಳ ಕೊನೆಯ ಮಾತನ್ನು ಮಾತ್ರ ಹಿಡಿದಿಟ್ಟುಕೊಂಡಿತ್ತು.

ಇನ್ನು ಆ ಭಾನುವಾರದ ವಿಷಯ. ಹಿಂದಿನ ದಿನ ಚಟ್ಲಿ ಚೆನ್ನಾಗಿ ಸಿಕ್ಕಿತ್ತು. ಮೋಡ ಹಾಕಿತ್ತು. ಶೌಚಾಲಯದ ಹಿಂದೆ ಇಟ್ಟರೆ ಸಂಜೆಗೆ ಹುಳವೇ. ಜಲಜ ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಮನೆಯ ಮೋಕ್ಷಿತಾಳನ್ನು ಕರೆದುಕೊಂಡು ಬೇಲಿಯ ಸಂದಿಯಲ್ಲಿ ನುಗ್ಗಿದಳು. ಮೋಕ್ಷಿತಾ ಹೋದ ವರ್ಷ ಕೇರಿಗೆ ಮದುವೆಯಾಗಿ ಬಂದವಳು, ಈಗ ತುಂಬು ಬಸುರಿ. ಇಬ್ಬರೂ ಗ್ರಾನೈಟ್ ಕಟ್ಟೆಯ ಮೇಲೆ ಚಟ್ಲಿ ಹರಡಿದರು. ಹನಿ ಬಿದ್ದರೆ ಬೇಕೆಂದು ಮೇಲೆ ಟಾರ್ಪಾಲು ಕಟ್ಟಬೇಕಿತ್ತು. ಅಲ್ಲಿ ಕಂಬವಿಲ್ಲ, ಮರವಿಲ್ಲ. ಇದ್ದದ್ದು ಗೊಂಬೆಯ ಕೈ. ಜಲಜ ಹಗ್ಗವನ್ನು ಅದಕ್ಕೇ ಬಿಗಿದಳು. ಕೈ ಆಗಲೇ ಲೊಡಲೊಡ ಎಂದಿತು. ಸ್ವಲ್ಪ ಹೊತ್ತಿನಲ್ಲಿ ದೂರದಲ್ಲಿ ಸೀಟಿ ಕೇಳಿತು. ಹಗ್ಗ ಬಿಚ್ಚಿ, ಚಟ್ಲಿ ಬಾಚಿ, ಬಂದ ಸಂದಿಯಲ್ಲೇ ಹೊರಗೆ ಹೋದರು. ಹೋಗುವಾಗ ಕೈ ಅದರ ಜಾಗದಲ್ಲೇ ಇತ್ತು.

ಹಗಲಿಡೀ ಪ್ರವಾಸಿಗಳು ಬಂದರು. ಕಟ್ಟೆ ಹತ್ತಿದರು, ಗೊಂಬೆಯನ್ನು ತಬ್ಬಿದರು, ಕೈಗೆ ಜೋತುಬಿದ್ದು ಸೆಲ್ಫಿ ತೆಗೆದರು. ಸಂಜೆಗೆ ಕೈ ನೆಲದಲ್ಲಿತ್ತು. ಸಿಸಿಟಿವಿ ಇತ್ತು. ಅದು ಟಿಕೆಟ್ ಕೌಂಟರನ್ನು ನೋಡುತ್ತಿತ್ತು.

ಪ್ರೇಮಾನಂದರು ದೂರು ಕೊಟ್ಟರು. ಸಮಸ್ತ ಮೀನುಗಾರ ಮಹಿಳೆಯರ ಭಾವನೆಗೆ ಧಕ್ಕೆಯಾಗಿದೆ ಎಂದು. ಧಕ್ಕೆ ಮಾಡಿದವರು ಯಾರು ಎಂಬಲ್ಲಿ "ಜಲಜ ಮತ್ತು ಇತರರು" ಎಂದು ಬರೆದರು. ಸಾಕ್ಷಿಗೆ ಮೊಬೈಲಿನ ತುಂಡು: ನಾವೇ ತೆಗ್ದ್ ಬದಿಗ್ ಇಡ್ತೊ. ಕಾವಲುಗಾರ, ಬೆಳಿಗ್ಗೆ ಇಬ್ಬರು ಹೆಂಗಸರು ಹೋದದ್ದನ್ನು ದೂರದಿಂದ ಕಂಡೆ, ಬೆನ್ನು ಬಾಗಿದ್ದು ಒಂದು, ಇನ್ನೊಂದು ಯಾರೆಂದು ತಿಳಿಯಲಿಲ್ಲ ಎಂದ.

ನೋಟೀಸು ತಂದವರು ಹೆಡ್ ಕಾನ್‌ಸ್ಟೆಬಲ್ ಮಂಜಯ್ಯ. ಬೈಂದೂರು ಕಡೆಯವರೇ. ಜಲಜಳ ಕೈಯಿಂದ ಎಷ್ಟೋ ಸಲ ಮೀನು ಕೊಂಡವರು. ಜಗಲಿಯಲ್ಲಿ ಕೂತು ಚಾ ಕುಡಿದರು.

"ಜಲಜಕ್ಕ, ಹೆದ್ರೂದೆಂತಕೆ? ನಾಡ್ದ್ ಸ್ಟೇಶನಿಗ್ ಬನ್ನಿ. ಎರಡ್ ಮಾತ್ ಹೇಳಿ. ಒಂದ್ ಸೈನ್ ಹಾಕಿ. ಮುಗ್ದ್ ಹೋಯ್ತ್."

"ನಾನ್ ಮುರಿಲಿಲ್ಲ ಮಂಜಯ್ಯನೋರೆ."

"ಅದನ್ನೇ ಹೇಳಿ ಅಂಬ್ದ್. ತಪ್ಪ್ ಮಾಡದ್ದವ್ರಿಗೆ ಮಾತಾಡುಕ್ ಎಂತ ಕಷ್ಟ?"

ಕೇರಿಗೆ ಕೇರಿಯೇ ಅದನ್ನೇ ಹೇಳಿತು. ಸೊಸೈಟಿಯಲ್ಲಿ ಹೇಳಿದರು, ಬಸ್‌ಸ್ಟಾಪಿನಲ್ಲಿ ಹೇಳಿದರು. ಹೇಳಿಬಿಡಿ ಜಲಜಕ್ಕ, ಹೇಳಿದರೆ ಹಗುರ. ಮೊದಲಿನಿಂದಲೂ ಅವಳಿಗೆ ಬಾಯಿ ಮುಚ್ಚು ಎಂದು ಹೇಳಿಕೊಂಡು ಬಂದ ಊರು ಅದು. ಬಸ್ಸಿನಲ್ಲಿ, ಗ್ರಾಮಸಭೆಯಲ್ಲಿ, ಮದುವೆ ಚಪ್ಪರದಲ್ಲಿ. ಈಗ ಅದೇ ಊರಿಗೆ ಅವಳ ಮಾತು ಕೇಳುವ ಆಸೆ ಉಕ್ಕಿ ಬಂದಿತ್ತು. ಜಲಜಳಿಗೆ ನಗು ಬಂತು. ಹೆದರಿಕೆಯೂ ಆಯಿತು.

ಪ್ರೇಮಾನಂದರು ತಮ್ಮ ಕಾರಿನಲ್ಲೇ ಬಂದರು. ಒಳಗೆ ಕೂರಲಿಲ್ಲ. ಅಂಗಳದಲ್ಲಿ, ಗಾಳಿ ಬೀಸುವ ಬದಿ ನೋಡಿಕೊಂಡು ನಿಂತರು.

"ನಿಮ್ಮನ್ನ್ ಜೈಲಿಗ್ ಹಾಕ್ಕ್ ಅಂದೇಳಿ ನಂಗಿಲ್ಲ ಜಲಜಕ್ಕ. ನಾನೇ ಶಾಲ್ ಹೊದ್ಸಿದ್ದಲ್ದಾ? ಗೊತ್ತಿಲ್ದೆ ಆಯ್ತ್ ಅಂದ್ ಒಪ್ಕಣಿ. ಒಂದ್ ಕ್ಷಮೆ ಕೇಣಿ, ಕ್ಯಾಮೆರಾ ಎದ್ರ್. ಮತ್ತೆ ಮೀನ್ ಒಣ್ಗ್ಸುಕ್ ದಂಡಿಗ್ ಬತ್ತಿಲ್ಲ ಅಂದ್ ಹೇಳಿ. ಕೇಸ್ ನಾನ್ ಹಿಂದ್ ತಕಂತೆ."

ಆಗ ಜಲಜಳಿಗೆ ತಿಳಿಯಿತು, ಮುರಿದ ಕೈ ಎಷ್ಟು ಉದ್ದ ಎಂದು. ಅದು ಇಡೀ ದಂಡೆಯನ್ನು ಬಾಚಿ ತಬ್ಬುವಷ್ಟು ಉದ್ದವಿತ್ತು.

ಆದರೂ ಅವಳು ಹೇಳಿಬಿಡುವುದೆಂದೇ ಎಣಿಸಿದಳು. ಕಾರಣ ರತನ್. ಅವನಿಗೆ ಮಸ್ಕತ್ತಿನ ಹೋಟೆಲಿನಲ್ಲಿ ಕೆಲಸ ಗೊತ್ತಾಗಿತ್ತು. ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ ಅದೇ ಠಾಣೆಯಲ್ಲಿ ಕೂತಿತ್ತು.

"ಅಮ್ಮ, ನೀನ್ ಮುರಿಲಿಲ್ಲ ಅಲ್ದಾ?" ಎಂದ ರತನ್.

"ಇಲ್ಲ."

"ಹಾಂಗಾರೆ ಇದ್ದದ್ದ್ ಇದ್ದಾಂಗೆ ಹೇಳಿ ಬಾ. ನಿನ್ ಬಾಯಿಗ್ ಬೇರೆಲ್ಲ ಬತ್ತ್. ಇಷ್ಟ್ ಬತ್ತಿಲ್ಯಾ? ನನ್ ಕೆಲ್ಸ ಹೋದ್ರೆ ಹೋಯ್ತ್ ಮತ್ತೆ."

ಹೌದಲ್ಲ ಎನಿಸಿತು. ಅವಳು ಒಲೆಯ ಎದುರು ಕೂತು ಹೇಳುವುದನ್ನು ಬಾಯಲ್ಲೇ ಜೋಡಿಸಿದಳು. ಬೆಳಿಗ್ಗೆ ಹೋದೆ. ಚಟ್ಲಿ ಹರಡಿದೆ. ಹಗ್ಗ ಕಟ್ಟಿದೆ. ಸೀಟಿ ಕೇಳಿ ಬಿಚ್ಚಿದೆ. ಬಂದೆ. ಎಲ್ಲ ನಿಜ. ಒಂದು ಅಕ್ಷರ ಸುಳ್ಳಿಲ್ಲ.

ಅಷ್ಟರಲ್ಲಿ ಹಿಂಬಾಗಿಲಿಗೆ ಮೋಕ್ಷಿತಾ ಬಂದಳು. ಸೊಂಟಕ್ಕೆ ಕೈ ಕೊಟ್ಟು ನಿಂತಳು. ಮುಖ ಬಿಳಚಿತ್ತು.

"ಜಲಜಕ್ಕ, ಅವ್ರ್ ನಿಮ್ಮೊಟ್ಟಿಗ್ ಯಾರಿದ್ರ್ ಅಂದ್ ಕೇಂಡ್ರೆ?"

ಜಲಜ ಅದನ್ನು ಯೋಚಿಸಿರಲಿಲ್ಲ.

"ನಂಗೆ ದಿನ ಹತ್ರ ಬಂತ್. ಆಸ್ಪತ್ರಿಗ್ ಹೋಪತಿಗೆ ಪೊಲೀಸರ್ ಬಂದ್ರೆ ಅತ್ತೆ ನನ್ನ್ ಒಳ್ಗ್ ಸೇರ್ಸ್ತಿಲ್ಲ."

"ನಿನ್ನ್ ಹೆಸ್ರ್ ನನ್ ಬಾಯಲ್ ಬತ್ತಿಲ್ಲ, ಹೆಣೆ. ಹೋಯ್ ಮನಿಕೊ."

ಅವಳು ಹೋದ ಮೇಲೆ ಜಲಜ ಜೋಡಿಸಿದ್ದ ಮಾತನ್ನೆಲ್ಲ ಮತ್ತೆ ಹೇಳಿಕೊಂಡಳು. ಹೋದೆ. ಯಾರೊಟ್ಟಿಗೆ ಹೋದೆ? ಹರಡಿದೆ. ಬುಟ್ಟಿಯ ಇನ್ನೊಂದು ಬದಿ ಹಿಡಿದವರು ಯಾರು? ಎಲ್ಲಿಂದ ಶುರು ಮಾಡಿದರೂ ದಾರಿ ಮೋಕ್ಷಿತಾಳ ಬಾಗಿಲಿಗೇ ಹೋಗುತ್ತಿತ್ತು. ಅವಳನ್ನು ಬಿಟ್ಟು ಹೇಳಬೇಕಾದರೆ ಸುಳ್ಳು ಹೇಳಬೇಕು. ಮೊದಲ ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೆಲ್ಲ ಯಾರು ನಂಬುತ್ತಾರೆ?

ಮರುದಿನ ಅವಳು ಮೀನು ಮಾರಲಿಕ್ಕೆಂದು ಕುಂದಾಪುರಕ್ಕೆ ಹೋದವಳು ಸೀದಾ ಕೋರ್ಟಿನ ಹತ್ತಿರ ವಕೀಲೆ ಅನಿಷಾಳ ಆಫೀಸಿಗೆ ಹೋದಳು. ಅನಿಷಾಳ ಊರು ಕೋಡಿ. ಅವಳ ತಾಯಿಯೂ ಬುಟ್ಟಿ ಹೊತ್ತವಳೇ. ಬುಟ್ಟಿ ಹೊರಗಿಡಲೇ ಎಂದು ಜಲಜ ಕೇಳಿದಳು. "ಒಳ್ಗ್ ತಕಂಡ್ ಬನ್ನಿ. ಹೊರ್ಗಿಟ್ರೆ ಬೆಕ್ಕಿಗ್ ಹಬ್ಬ" ಎಂದಳು ಅನಿಷಾ.

ಜಲಜ ಎಲ್ಲ ಹೇಳಿದಳು. ಹಗ್ಗವನ್ನೂ, ಮೋಕ್ಷಿತಾಳನ್ನೂ.

ಅನಿಷಾ ಎದ್ದು ಬಾಗಿಲು ಹಾಕಿದಳು. "ಇಷ್ಟನ್ನೂ ಬೇರೆ ಯಾರಿಗಾರೂ ಹೇಳಿದ್ರ್ಯಾ?"

"ಇಲ್ಲ."

"ಇನ್ನ್ ಹೇಳ್ಬೇಡಿ."

"ನಾನ್ ಹೇಳೂದ್ ನಿಜ ಅಲ್ದಾ?"

"ನೀವ್ ಹೇಳೂದ್ ನಿಜ. ಅವ್ರ್ ಬರ್ಕಂಬುದ್ ಬೇರೆ. ಕಾಣಿ, ಈಗ ನಾನ್ ಪೊಲೀಸ್." ಅನಿಷಾ ಕುರ್ಚಿ ಹಿಂದಕ್ಕೆ ತಳ್ಳಿ ದನಿ ಬದಲಾಯಿಸಿದಳು. "ಏನಮ್ಮ, ಊಟ ಆಯ್ತಾ? ಕೇಸು ಬಿಡಿ, ಸುಮ್ನೆ ಕೇಳ್ತೀನಿ. ಆ ಪ್ರತಿಮೆ ಚೆನ್ನಾಗಿದೆಯಲ್ವಾ?"

"ಎಂತ ಚೆಂದ!" ಜಲಜ ಸಿಡಿದಳು. "ಬುಟ್ಟಿ ಹಿಡ್ಕಂಬುದ್ ಹಾಂಗಾ? ಆ ಕೈ ಅಂತೂ ಒಳ್ಗ್ ಟೊಳ್ಳ್. ನಾನ್ ಹಗ್ಗ ಕಟ್ಟುವತಿಗೇ ಲೊಡಲೊಡ ಅಂತಿತ್ತ್..."

"ಆಯ್ತ್" ಎಂದಳು ಅನಿಷಾ. "ನೀವ್ ಒಳ್ಗ್ ಹೋದ್ರಿ."

ಜಲಜ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದ್ ಸಲ ಕೇಣಿ" ಎಂದಳು.

ಇನ್ನೊಮ್ಮೆ ಆಡಿದರು. ಈ ಸಲ ಅನಿಷಾ ಚಟ್ಲಿ ಒಣಗಿಸುವುದು ಹೇಗೆಂದು ಕೇಳಿದಳು. ಜಲಜ ಹೇಳಿದಳು, ಮತ್ತೆ ಸೋತಳು. ಅನಿಷಾ ಬೈದು ನೋಡಿದಳು, ಜಲಜ ತಿರುಗಿ ಬೈದು ಸೋತಳು. ಕೊನೆಗೆ ಬುಟ್ಟಿಯ ಮೇಲಿನ ಬಟ್ಟೆ ತೆಗೆದು ತುದಿಯನ್ನು ಬಾಯಿಗೆ ತುರುಕಿಕೊಂಡಳು. ಇಬ್ಬರೂ ನಕ್ಕರು.

ನಕ್ಕು ಆದಮೇಲೆ ಅನಿಷಾ ಹೇಳಿದಳು. "ಹೋಪ್ದ್ ಬಿಡುಕಾಗ. ನೋಟೀಸ್ ಬಂದ್ರೆ ಹೋಯ್ಕ್. ಹೋಗ್ದಿದ್ರೆ ಅದೇ ನೆವ ಮಾಡಿ ಹಿಡ್ಕಂತ್ರ್. ಹೆಸ್ರ್, ಗಂಡನ್ ಹೆಸ್ರ್, ಮನಿ ಹೇಳಿ. ಸುಳ್ಳ್ ಮಾತ್ರ ಹೇಳ್ಬೇಡಿ. ಸುಳ್ಳ್ ಹೇಳೂದ್ ಬೇರೆ, ಹೇಳ್ದೆ ಇಪ್ಪುದ್ ಬೇರೆ. ನಿಮ್ ಬಾಯಿಂದ್ಲೇ ನಿಮ್ಮನ್ನ್ ಸಿಕ್ಕ್ಸ್‌ಹಾಕುಕೆ ಯಾರಿಗೂ ಹಕ್ಕಿಲ್ಲ. ಸಂವಿಧಾನದಲ್ಲೇ ಇತ್ತ್. ಪೊಲೀಸರ್ ಬರ್ದ ಹೇಳಿಕಿಗ್ ಸೈನ್ ಹಾಕೂದೂ ಬೇಡ."

"ಮಾತಾಡ್ದಿದ್ರೆ ನಾನೇ ಮಾಡಿದ್ದ್ ಅಂದ್ ಎಣ್ಸ್‌ತ್ರಲ್ದಾ?"

"ಎಣ್ಸ್‌ಲಿ. ಎಣ್ಸಿದ್ದಕ್ಕೆ ಶಿಕ್ಷೆ ಕೊಡುಕಾಗ." ಅವಳು ತಡೆದು ಮತ್ತೆ ಹೇಳಿದಳು. "ಮಗನ್ ಪಾಸ್‌ಪೋರ್ಟಿಗ್ ಅಡ್ಡಾದ್ರೂ ಆಪ್ದೆ. ಅದ್ನ ನಾನ್ ಮುಚ್ಚಿಡುದಿಲ್ಲ. ತೀರ್ಮಾನ ನಿಮ್ದ್, ಜಲಜಕ್ಕ."

ಬಸ್ಸಿನಲ್ಲಿ ಬರುವಾಗ ಜಲಜ ತೀರ್ಮಾನ ಮಾಡಲಿಲ್ಲ. ಮನೆಯಲ್ಲೂ ಮಾಡಲಿಲ್ಲ. ರತನನ ಇಸ್ತ್ರಿ ಹಾಕಿದ ಅಂಗಿ ಗೋಡೆಯಲ್ಲಿ ತೂಗುತ್ತಿತ್ತು. ಗೋಡೆಯ ಆಚೆ ಮೋಕ್ಷಿತಾ ಕೆಮ್ಮುವುದು ಕೇಳುತ್ತಿತ್ತು.

ಠಾಣೆಗೆ ಹೋದ ದಿನ ಅವಳು ಚೆನ್ನಾಗಿ ಮಿಂದು, ತೊಳೆದ ಸೀರೆ ಉಟ್ಟು ಹೋಗಿದ್ದಳು. ಆದರೂ ಒಬ್ಬ ಪೊಲೀಸ್ ಬೆಂಚಿನ ಮೇಲೆ ಪೇಪರು ಹಾಸಿ, "ಇದ್ರ ಮೇಲೆ ಕೂತ್ಕೋ. ಬೆಂಚಿಗೆ ವಾಸ್ನೆ ಹಿಡೀತದೆ" ಎಂದ. ಇನ್ನೊಬ್ಬ ಊದುಬತ್ತಿ ಹಚ್ಚಿದ. ದೇವರ ಫೋಟೋದ ಎದುರಿಗಲ್ಲ, ಅವಳ ಎದುರಿಗೆ. ಅನಿಷಾಳನ್ನು ಹೊರಗಿನ ಜಗಲಿಯಲ್ಲಿ ಕೂರಿಸಿದರು. ಕಿಟಕಿಯಿಂದ ಅವಳ ಕಪ್ಪು ಕೋಟು ಕಾಣುತ್ತಿತ್ತು.

ಎಸ್‌ಐ ಜಿತೇಂದ್ರ ಘಟ್ಟದ ಮೇಲಿನವರು. ಚಿಕ್ಕ ಪ್ರಾಯ. ಚಾ ತರಿಸಿದರು. ಹೆಸರು ಕೇಳಿದರು, ಹೇಳಿದಳು. ಗಂಡನ ಹೆಸರು, ಮನೆ ಕೇಳಿದರು, ಹೇಳಿದಳು.

"ನೋಡಮ್ಮ, ನಾನು ನಿಮ್ಮ ಮಗ ಇದ್ದ ಹಾಗೆ. ಅವತ್ತು ಬೆಳಿಗ್ಗೆ ಬೀಚಿಗೆ ಯಾಕೆ ಹೋಗಿದ್ರಿ?"

ಜಲಜ ಸುಮ್ಮನಿದ್ದಳು.

"ಹೋಗಿಲ್ವಾ?"

ಸುಮ್ಮನಿದ್ದಳು.

"ಚಾ ಕುಡೀರಿ. ಇವತ್ತು ಮೀನು ಹೇಗೆ?"

ಬಂಗಡೆ ಚೆನ್ನಾಗಿತ್ತು ಎಂದು ನಾಲಿಗೆಯ ತುದಿಗೆ ಬಂತು. ನುಂಗಿದಳು.

ಜಿತೇಂದ್ರ ಒಂದು ಹಾಳೆ ಎತ್ತಿಕೊಂಡರು. ಅವಳ ಹೇಳಿಕೆ. ಅವಳು ಬರುವ ಮೊದಲೇ ತಯಾರಾಗಿತ್ತು, ಅವಳಿಗೆ ತ್ರಾಸ ಆಗಬಾರದೆಂದು. ಓದಿದರು: "ನಾನು ಸದರಿ ಪ್ರತಿಮೆಯ ಮೇಲೆ ದ್ವೇಷವನ್ನು ಹೊಂದಿದವಳಾಗಿದ್ದು, ಸದರಿ ದಿನ ಬೆಳಿಗ್ಗೆ, ಸದರಿ..." ಅಲ್ಲಿ ನಿಲ್ಲಿಸಿ ತಲೆ ಎತ್ತಿದರು. ಹಾಳೆಯಲ್ಲಿ ಒಂದು ಹೆಸರು ಹಿಡಿಯುವಷ್ಟು ಜಾಗ ಖಾಲಿ ಇತ್ತು.

"ಆ ಇನ್ನೊಬ್ಬಳು ಯಾರು? ಅವಳ ಹೆಸರು ಹೇಳಿದ್ರೆ ನಿಮ್ಮನ್ನು ಸಾಕ್ಷಿ ಮಾಡ್ತೀನಿ. ಮನೆಗೆ ಹೋಗಿ ಆರಾಮಾಗಿರಿ."

ಜಲಜ ಗೋಡೆ ನೋಡಿದಳು.

"ಅವಳಾಗಲೇ ಬಂದು ನಿಮ್ಮ ಹೆಸರು ಹೇಳಿ ಹೋಗಿದ್ದಾಳೆ."

ಹೇಳಿದ್ದರೆ ಜಾಗ ಯಾಕೆ ಖಾಲಿ ಇದೆ? ಜಲಜಳಿಗೆ ನಗು ಬಂತು. ತುಟಿ ಕಚ್ಚಿದಳು.

ಜಿತೇಂದ್ರ ಡ್ರಾಯರು ಎಳೆದು ಇನ್ನೊಂದು ಕಾಗದ ಮೇಜಿನ ಮೇಲಿಟ್ಟರು. ರತನನ ಫೋಟೋ ಅಂಟಿಸಿದ್ದು. ಅವನ ಮುಖದ ಮೇಲೆ ಪೆನ್ನಿನಿಂದ ಮೆಲ್ಲಗೆ ತಟ್ಟಿದರು. "ಒಳ್ಳೆ ಹುಡುಗ. ನನ್ನದೊಂದು ಸಹಿ ಸಾಕು. ನಿಮ್ಮದೊಂದು ಸಹಿ ಹಾಕಿ, ನನ್ನದೊಂದು ನಾನು ಹಾಕ್ತೀನಿ."

ಆ ಮುಖವನ್ನು ಎಷ್ಟು ಬಿಸಿಲಿಗೆ ಬಗ್ಗಿ ಸಾಕಿದ್ದಳು. ಒಂದು ಹೆಸರು. ಮೂರು ಅಕ್ಷರದ ಹೆಸರು. ಕಿಟಕಿಯ ಕಡೆ ನೋಡಿದಳು. ಅನಿಷಾ ಏನೂ ಸನ್ನೆ ಮಾಡಲಿಲ್ಲ. ಮಾಡಬಾರದಿತ್ತು ಕೂಡ.

ಅವಳ ಮೌನ ಉದ್ದವಾಯಿತು. ಜಿತೇಂದ್ರರಿಗೆ ಎದುರಿನವರ ಮೌನದ ಅಭ್ಯಾಸವಿರಲಿಲ್ಲ. ಆ ಕೋಣೆಯಲ್ಲಿ ಅದು ಅವರ ಸೊತ್ತಾಗಿತ್ತು, ಬೇರೆಯವರು ಬಳಸುವುದಲ್ಲ. ಎದ್ದು ನಿಂತರು.

"ನಿಮ್ಮಂಥವರಿಗೆ ಪ್ರತಿಮೆ ಕಟ್ಟಿದ್ದೇ ತಪ್ಪು. ಗೌರವ ಅಂದ್ರೆ ಏನು ಗೊತ್ತು ನಿಮಗೆ? ವಾಸನೆ ಬಿಟ್ರೆ ಬೇರೇನು ಗೊತ್ತು ನಿಮ್ಮ ಜನಕ್ಕೆ?"

ಬಂದೇ ಬಂತು. ಬೈಗುಳ ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು, ಗಂಟಲಿನಿಂದ ಹಲ್ಲಿಗೆ ಬಂತು. ದಂಡೆಯ ಸಂಗತಿ, ಬಸ್ಸಿನ ಸಂಗತಿ, ಸೆಂಟಿನ ಸಂಗತಿ, ಗೊಂಬೆಯ ಟೊಳ್ಳು ಕೈಯ ಸಂಗತಿ, ಎಲ್ಲ ಒಟ್ಟಿಗೆ. ಜಲಜ ಹಲ್ಲು ಕಚ್ಚಿದಳು. ದವಡೆ ನೋಯುವಷ್ಟು ಕಚ್ಚಿದಳು. ಒದ್ದೆ ಬುಟ್ಟಿ ಹೊತ್ತು ಮರಳಿನಲ್ಲಿ ನಡೆಯುವಾಗಲೂ ಅಷ್ಟು ಭಾರ ಅವಳು ಹೊತ್ತಿರಲಿಲ್ಲ. ಆಗಲೇ ಅವಳಿಗೆ ತಿಳಿಯಿತು: ಈ ಮನುಷ್ಯನಿಗೆ ಬೇಕಾದದ್ದು ತನ್ನ ಮಾತು. ಬೈಗುಳವಾದರೂ ಸರಿ, ಅಳುವಾದರೂ ಸರಿ. ಇಷ್ಟು ಜನ ಇಷ್ಟು ಆಸೆಪಡುವ ವಸ್ತು ತನ್ನ ಹತ್ತಿರ ಒಂದಾದರೂ ಇದೆಯಲ್ಲ. ಕೊಡುವುದಿಲ್ಲ.

ಅವಳು ಹಾಳೆಯನ್ನು ಒಂದು ಬೆರಳಿನಿಂದ ಅವರ ಕಡೆಗೆ ತಳ್ಳಿದಳು.

"ಹೆಸ್ರ್ ಹೇಳ್ದೆ. ಮನಿ ಹೇಳ್ದೆ. ಇನ್ನ್ ಹೇಳೂದಿಲ್ಲ. ಹೇಳೂದಿದ್ರೆ ಕೋರ್ಟಲ್ಲಿ ಹೇಳ್ತೆ. ಸೈನ್ ಹಾಕುದಿಲ್ಲ."

ಅಷ್ಟೇ. ಮತ್ತೆ ಸಂಜೆಯ ಮೊದಲು ಕಳುಹಿಸುವವರೆಗೆ ಅವಳು ಬಾಯಿ ಬಿಡಲಿಲ್ಲ. ಊದುಬತ್ತಿ ಉರಿದು ಬೂದಿಯಾಗಿ ಅವಳ ಪಾದದ ಮೇಲೆ ಬಿತ್ತು.

ಪಾಸ್‌ಪೋರ್ಟಿನ ಕಾಗದದಲ್ಲಿ ಜಿತೇಂದ್ರರು ಬರೆದರು: ತಾಯಿ ತನಿಖೆಗೆ ಸಹಕರಿಸುತ್ತಿಲ್ಲ. ಪಾಸ್‌ಪೋರ್ಟ್ ಬೇಕಾದದ್ದು ಮಗನಿಗೆ, ನಡತೆ ನೋಡಬೇಕಾದದ್ದು ಮಗನದು. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ಅನಿಷಾ ಮೇಲಿನವರಿಗೆ ಅರ್ಜಿ ಹಾಕಿದಳು. ಮಸ್ಕತ್ತಿನವರು ಅರ್ಜಿಗೆ ಕಾಯಲಿಲ್ಲ.

ರತನ್ ಅಂಗಳದಲ್ಲಿ ನಿಂತು ಕೂಗಿದ. "ನಿಂಗೆ ಮಗ ಬೇಕಾ, ಹಟ ಬೇಕಾ? ಊರಿಗೆಲ್ಲ ಕೇಂಬ ಹಾಂಗೆ ಬೊಬ್ಬಿ ಹೊಡಿತೆ, ಅಲ್ಲಿ ಹೋಯಿ ಮೂಗಿ ಆದ್ಯಾ?"

ಜಲಜ ಅವನನ್ನು ಒಳಗೆ ಕರೆದಳು. ಮೆಲ್ಲಗೆ ಕೇಳಿದಳು. "ನಿನ್ ಪಾಸ್‌ಪೋರ್ಟಿಗೆ ಮೋಕ್ಷಿತಾನ್ ಹೆಸ್ರ್ ಕೊಟ್ಟ್ ಬರ್ಕಿತ್ತಾ? ಹೇಳ್. ಹೌದ್ ಅಂದ್ರೆ ಈಗ್ಳೇ ಹೋತೆ."

ಅವನಿಗೆ ಮೋಕ್ಷಿತಾಳ ವಿಷಯ ಗೊತ್ತಿರಲಿಲ್ಲ. ಅವನು ಗೋಡೆಯ ಕಡೆ ನೋಡಿದ. ಆಚೆ ಮನೆಯಲ್ಲಿ ಯಾರೋ ನೀರು ಸೇದುತ್ತಿದ್ದರು. ಅಂಗಿ ಹಾಕಿಕೊಂಡು ಹೊರಗೆ ಹೋದ. ಅಲ್ಲಿಂದ ಅವನು ತಾಯಿಯ ಹತ್ತಿರ ಮಾತು ಬಿಟ್ಟ. ಯಡ್ತರೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ. ಅವಳು ಬಡಿಸಿಟ್ಟದ್ದನ್ನು ಉಣ್ಣುತ್ತಿದ್ದ, ಅವಳ ಮುಖ ನೋಡುತ್ತಿರಲಿಲ್ಲ.

ಇತ್ತ ಕೇಸು ಒಂದೇ ಹೆಂಗಸಿನ ಮುಚ್ಚಿದ ಬಾಯಿಗೆ ಬಂದು ನಿಂತುಬಿಟ್ಟಿತ್ತು. ಸೆಲ್ಫಿ ತೆಗೆದವರನ್ನು ಹುಡುಕಬಹುದಿತ್ತು. ಗೊಂಬೆ ಮಾಡಿದ ಕಂತ್ರಾಟುದಾರನನ್ನು, ಕೈಯೊಳಗೆ ಕಬ್ಬಿಣ ಯಾಕೆ ಹಾಕಲಿಲ್ಲ ಎಂದು ಕೇಳಬಹುದಿತ್ತು. ಆದರೆ ಅವನು ಪ್ರೇಮಾನಂದರ ಭಾವ. ಜಿತೇಂದ್ರರಿಗೆ ಎಫ್‌ಐಆರಿನ ಇನ್ನೊಂದು ಪದ ನೆನಪಾಯಿತು: ಇತರರು. ಇತರರು ಯಾರೆಂದು ತಿಳಿಯದ ಕಾರಣ ಅವರು ಪಡುಕೇರಿಯಲ್ಲಿ ಮೀನು ಒಣಗಿಸುವ ಅಷ್ಟೂ ಹೆಂಗಸರಿಗೆ ಆರೋಪಿಗಳೆಂದು ನೋಟೀಸು ಕಳುಹಿಸಿದರು. ಎಲ್ಲರಿಗೂ ಒಂದೇ ದಿನ. ಹೆದರಿದವಳು ಒಬ್ಬಳಾದರೂ ಬಾಯಿ ಬಿಟ್ಟಾಳು ಎಂದು.

ಸಂಜೆ ಹೆಂಗಸರು ಜಲಜಳ ಅಂಗಳದಲ್ಲಿ ಸೇರಿದರು. ಮೋಕ್ಷಿತಾಳೂ ಬಂದಳು, ಅವಳ ಕೈಯಲ್ಲೂ ನೋಟೀಸು. ಯಾರೂ ಅವಳ ಕಡೆ ಬೇರೆ ಮಾಡಿ ನೋಡಲಿಲ್ಲ. ಈಗ ಎಲ್ಲರೂ ಇತರರೇ.

"ಎಂತ ಹೇಳೂದ್ ಜಲಜಕ್ಕ?" ಎಂದು ಕೇಳಿದರು.

"ಹೆಸ್ರ್ ಹೇಳೂದ್. ಮನಿ ಹೇಳೂದ್."

"ಮತ್ತೆ?"

"ಮತ್ತೆ ಎಂತ? ನಿಮ್ ಬಾಯಿ, ನಿಮ್ ಇಷ್ಟ. ನಾನ್ ಅಂತೂ ಕೂಕಂತೆ."

ನೋಟೀಸಿನ ದಿನ ಬೆಳಿಗ್ಗೆ ದೋಣಿ ತುಂಬ ಚಟ್ಲಿ ಬಂತು. ಠಾಣೆಗೆ ಹೋಗಬೇಕು, ಚಟ್ಲಿ ಬಿಟ್ಟು ಹೋಗುವ ಹಾಗಿಲ್ಲ. ಹೆಂಗಸರು ಬುಟ್ಟಿ ಸಮೇತ ಹೊರಟರು. ಜಲಜ ಬುಟ್ಟಿ ಎತ್ತಲು ಬಗ್ಗಿದಾಗ ಕೆಲಸಕ್ಕೆ ಹೊರಟಿದ್ದ ರತನ್ ನಿಂತ. ಬಂದು ಒಂದು ಕೈ ಕೊಟ್ಟು ಬುಟ್ಟಿಯನ್ನು ಅವಳ ತಲೆಯ ಮೇಲಿಟ್ಟ. ಸಿಂಬಿ ಸರಿ ಮಾಡಿದ. ಮಾತಾಡದೆ ಹೋದ.

ಠಾಣೆಯ ಬೆಂಚು ಸಾಲಲಿಲ್ಲ. ಪೇಪರೂ ಸಾಲಲಿಲ್ಲ. ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಒಬ್ಬೊಬ್ಬರೂ ಹೆಸರು ಹೇಳಿದರು, ಮನೆ ಹೇಳಿದರು, ಆಮೇಲೆ ಗೋಡೆ ನೋಡಿದರು. ಮೋಕ್ಷಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ಗೋಡೆ ನೋಡಿದಳು. ಕೇಳಿ ಕೇಳಿ ಜಿತೇಂದ್ರರ ಗಂಟಲು ಕಟ್ಟಿತು. ಮೀನು ಮಾರುವ ಹೆಂಗಸರು ಇಷ್ಟು ಜನ ಒಂದು ಕಡೆ ಸೇರಿಯೂ ಒಂದು ಸೊಲ್ಲು ಹುಟ್ಟದ್ದು ಆ ಊರಿನಲ್ಲಿ ಅದೇ ಮೊದಲು.

ಮಧ್ಯಾಹ್ನಕ್ಕೆ ಬೆವರೊರೆಸುತ್ತ ಹೊರಗೆ ಬಂದ ಜಿತೇಂದ್ರ ಮೆಟ್ಟಿಲಲ್ಲೇ ನಿಂತುಬಿಟ್ಟರು. ಠಾಣೆಯ ಸಿಮೆಂಟಿನ ಅಂಗಳದಲ್ಲಿ, ಬೇಲಿಯಿಲ್ಲದ, ನೆರಳಿಲ್ಲದ, ಊರಿನ ಅತ್ಯಂತ ಒಳ್ಳೆಯ ಬಿಸಿಲಿನಲ್ಲಿ, ಗೇಟಿನಿಂದ ಜೀಪಿನ ಚಕ್ರದವರೆಗೆ ಚಟ್ಲಿ ಹರಡಿತ್ತು.

"ಯಾರದ್ದಿದು?" ಎಂದು ಕಿರುಚಿದರು. "ಯಾರು ಹಾಕಿದ್ದು ಇಲ್ಲಿ?"

ಹೆಂಗಸರು ಗೋಡೆಯ ಬುಡದಲ್ಲಿ ಸಾಲಾಗಿ ಕೂತಿದ್ದರು. ಒಬ್ಬಳೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಕಾಗೆಗಳು ಇಳಿಯತೊಡಗಿದವು. ಮಂಜಯ್ಯನವರು ಸಾಹೇಬರ ಮುಖ ನೋಡಿದರು, ಚಟ್ಲಿ ನೋಡಿದರು. ಒಳ್ಳೆಯ ಚಟ್ಲಿ. ಮೂಲೆಯಲ್ಲಿದ್ದ ಲಾಠಿ ತೆಗೆದುಕೊಂಡು, ಬಿಸಿಲಿಗಿಳಿದು, "ಹುಶ್ ಹುಶ್" ಎನ್ನುತ್ತ ಕಾಗೆ ಓಡಿಸಲು ಹೋದರು.